ಮೆಟ್ಟಿಲ ದೀಪ ಆರಿಸಿ

ಹದಿನಾಲ್ಕನೇ ತಾರೀಖು, ಮಂಗಳವಾರ
ಸಂಜೆ, ಅಂಗಡಿ ಮುಚ್ಚಿದ ಮೇಲೆ

ನಮ್ಮ ಮನೆಯ ಮೀಟರ್ ಸಾಹೇಬರಿಗೆ,

ರೀ, ಅಕ್ಷರ ನೋಡಿ ಇದು ಯಾರದೋ ಕಾಗದ ಎಂದುಕೊಳ್ಳಬೇಡಿ, ನನ್ನದೇ. ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದೇನೆ. ಆರು ವರ್ಷದಿಂದ ಒಂದು ಸಾಲೂ ಬರೆಯದವಳಿಗೆ ಈಗೇನು ಬಂತು ಎಂದು ಹುಬ್ಬು ಗಂಟಿಕ್ಕಿಕೊಂಡಿರುತ್ತೀರಿ. ಮೊದಲು ಕೂತುಕೊಳ್ಳಿ. ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಳ್ಳಿ. ದೀಪ ಮಾತ್ರ ಹಾಕಬೇಡಿ. ನಾನು ಬರೆಯುತ್ತಿರುವುದೇ ಅದರ ವಿಷಯ.

ಹೋದ ವಾರ ಇಲ್ಲಿನ ಕಣ್ಣಾಸ್ಪತ್ರೆಯ ಸಾಲಿನಲ್ಲಿ ನಮ್ಮ ಕೆಳಮನೆಯ ಟೀಚರಮ್ಮ ಸಿಕ್ಕಿದ್ದರು. ಪೊರೆ ತೆಗೆಸಿಕೊಳ್ಳಲು ಅಷ್ಟು ದೂರದಿಂದ ಬಂದಿದ್ದರು. ನನ್ನನ್ನು ಕಂಡದ್ದೇ ತಡ, ಕೈ ಹಿಡಿದು ಪಕ್ಕಕ್ಕೆ ಎಳೆದರು. "ನಿಮ್ಮ ಯಜಮಾನ್ರಿಗೆ ಏನೋ ಆಗಿದೆ ಕಣ್ರೀ. ಹಗಲು ಹನ್ನೆರಡು ಗಂಟೇಲೂ ಮನೆ ತುಂಬ ದೀಪ ಉರೀತಿರತ್ತೆ. ಮೆಟ್ಟಿಲಿಗೆ ಮೂರು ಬಲ್ಬ್ ಹಾಕ್ಸಿದಾರೆ. ಆರ್ಸೋಕೆ ಹೋದ್ರೆ, 'ಬೇಡ, ಯಾರಾದ್ರೂ ಬಿದ್ದುಬಿಟ್ರೆ' ಅಂತ ಓಡಿ ಬರ್ತಾರೆ" ಎಂದರು. ನನಗೆ ನಗು ಬಂತು. ನೀವು ಮತ್ತು ಹಗಲಿನಲ್ಲಿ ದೀಪ! ಅವರು ನಗಲಿಲ್ಲ. "ಕರೆಂಟು ಬಿಲ್ಲು ಕಟ್ಟೋಕೆ ಸಾಲ್ದೆ ಬಿಪಿ ಮಾತ್ರೇನ ದಿನ ಬಿಟ್ಟು ದಿನ ನುಂಗ್ತಾರೆ. ಮೊನ್ನೆ ಬಾಗಿಲ ಹತ್ರ ತಲೆ ಸುತ್ತಿ ಕೂತ್ಬಿಟ್ಟಿದ್ರು" ಎಂದರು. ಆಮೇಲೆ ನರ್ಸು ನನ್ನ ನಂಬರು ಕೂಗಿದ್ದು ನನಗೆ ಕೇಳಿಸಲೇ ಇಲ್ಲ. ಸರದಿ ತಪ್ಪಿಹೋಯಿತು.

ಮನೆಗೆ ಬಂದು ಯೋಚಿಸಿದೆ. ಮನೆ ಎಂದರೆ ಶಾಲಾ ಸಮವಸ್ತ್ರದ ಅಂಗಡಿಯ ಹಿಂದಿನ ಒಂದು ಕೋಣೆ. ಅಂಗಡಿಯಾಕೆಗೆ ಗುಂಡಿ ಹಾಕಿಕೊಡುತ್ತೇನೆ, ಅಂಚು ಹೊಲಿಯುತ್ತೇನೆ. ಕತ್ತರಿ ಹಿಡಿಯಲು ಆಗುವುದಿಲ್ಲ. ಬರುವುದು ಸ್ವಲ್ಪ, ಅದರಲ್ಲೇ ನಡೆಯುತ್ತದೆ. ಹೇಗೆ ನಡೆಯುತ್ತದೆ ಎಂದು ಹೇಳಿದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತೀರಿ. ನಾನು ನೀವೇ ಆಗಿಬಿಟ್ಟಿದ್ದೇನೆ ರೀ.

ಕಾಳು ರಾತ್ರಿಯೇ ನೆನೆಹಾಕುತ್ತೇನೆ. ಒಂದು ಕುದಿ ಬಂದ ಮೇಲೆ ಒಲೆ ಆರಿಸಿ, ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿಟ್ಟರೆ ತನ್ನ ಪಾಡಿಗೆ ತಾನು ಬೇಯುತ್ತದೆ. ನೀವು ಹಾಗೆ ಸುತ್ತಿಟ್ಟಾಗ "ಪಾತ್ರೆಗೆ ಚಳಿಜ್ವರವಾ?" ಎಂದು ಕೇಳಿದವಳು ನಾನೇ. ತರಕಾರಿಗೆ ಸಂತೆ ಮುಗಿಯುವ ಹೊತ್ತಿಗೆ ಹೋಗುತ್ತೇನೆ. ಗಾಡಿ ಖಾಲಿ ಮಾಡುವ ಆತುರದಲ್ಲಿ ಒಳ್ಳೆಯದನ್ನೇ ಅರ್ಧಕ್ಕೆ ಕೊಡುತ್ತಾರೆ. ಬೀದಿಯ ಮೂವರು ಹೆಂಗಸರು ಸೇರಿ ಸೋಪು, ಎಣ್ಣೆ, ಬೇಳೆ ಸಗಟಿಗೆ ತಂದು ಹಂಚಿಕೊಳ್ಳುತ್ತೇವೆ. ಪೇಪರು ಓದುವುದು ಗ್ರಂಥಾಲಯದಲ್ಲಿ. ಅಲ್ಲಿ ಫ್ಯಾನೂ ಬಿಟ್ಟಿ, ಮಾತಿಗೆ ಜನವೂ ಬಿಟ್ಟಿ. ಫ್ರಿಜ್ ಇಟ್ಟಿಲ್ಲ. ಅಂಗಡಿಯಾಕೆಯ ಫ್ರಿಜ್ಜಿನಲ್ಲಿ ಕೆಳಗಿನ ಒಂದು ಖಾನೆ ನನ್ನದು, ಅದಕ್ಕೆ ಬದಲಾಗಿ ಅವಳ ಮೊಮ್ಮಗಳ ಹರಿದ ಬಟ್ಟೆಗಳೆಲ್ಲ ನನ್ನ ಪಾಲು.

ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ. ಬೆಳಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಹೋಗಿ ಮೀಟರ್ ನೋಡುತ್ತೇನೆ. ಊರವರ ಮನೆಯ ಮೀಟರೆಲ್ಲ ಓದಿ ಬಂದು, ಕೊನೆಗೆ ನಮ್ಮದರ ಮುಂದೆ ನಿಂತು, "ಇವತ್ತು ಇಸ್ತ್ರಿ ಎರಡು ಸಲ ಕಾಯ್ಸಿದೀಯಲ್ಲ" ಎನ್ನುತ್ತಿದ್ದಿರಲ್ಲ, ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಯ ಮುಖ ನೋಡುವ ಮುಂಚೆ ಮೀಟರಿನ ಮುಖ ನೋಡುವ ಗಂಡ ಬೇರೆ ಯಾರಿಗಿದ್ದಾನೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಈಗ ನನ್ನ ಮೀಟರ್ ನಾನೇ ನೋಡುತ್ತೇನೆ, ನನ್ನನ್ನು ಕೇಳುವವರಿಲ್ಲ. ಎರಡು ಸಲ ಇಸ್ತ್ರಿ ಕಾಯಿಸಿದರೂ ಯಾರೂ ಕೇಳುವುದಿಲ್ಲ. ಅದೇ ಕಷ್ಟ.

ಸುತ್ತಿ ಬಳಸಿ ಬರೆಯುತ್ತಿದ್ದೇನೆ, ನಿಮಗೆ ಗೊತ್ತಾಗಿರುತ್ತದೆ. ಹೇಳಬೇಕಾದದ್ದು ಬೇರೆಯೇ ಇದೆ.

ನಾನು ಬಿದ್ದದ್ದು ಕತ್ತಲೆಯಿಂದ ಅಲ್ಲ ರೀ.

ಮೆಟ್ಟಿಲಿನ ಬಲ್ಬ್ ನೀವು ತೆಗೆದಿದ್ದು ನಿಜ. ಬೀದಿ ದೀಪದ ಬೆಳಕೇ ಸಾಕು ಎಂದು ನೀವು ಹೇಳಿದ್ದೂ ನಿಜ, ಅದಕ್ಕೆ ನಾನು ಒಂದು ವಾರ ಜಗಳ ಆಡಿದ್ದೂ ನಿಜ. ಆದರೆ ಅವತ್ತು ನಾನು ಮೆಟ್ಟಿಲು ಹತ್ತಿದಾಗ ಗಂಟೆ ಐದೂವರೆ. ಕಿಟಕಿಯಿಂದ ಬಿಸಿಲು ಬಿದ್ದಿತ್ತು, ಗೋಡೆಯ ಮೇಲಿನ ಇರುವೆ ಸಾಲು ಕಾಣುವಷ್ಟು. ನನ್ನ ಎದೆಗೆ ಒಂದು ದೊಡ್ಡ ಪೆಟ್ಟಿಗೆ ಒತ್ತಿಕೊಂಡಿದ್ದೆ. ಅದರಲ್ಲಿ ಇದ್ದದ್ದು ಕೋಣೆ ಬೆಚ್ಚಗೆ ಮಾಡುವ ಹೀಟರ್. ಚಳಿಗೆ ಬೆರಳು ಮರಗಟ್ಟಿ ಹೊಲಿಯಲು ಆಗುತ್ತಿರಲಿಲ್ಲ. ನಿಮ್ಮನ್ನು ಕೇಳಿದರೆ ಬೇಡ ಎನ್ನುತ್ತೀರಿ ಎಂದು ಕೇಳದೆಯೇ ಕೊಂಡಿದ್ದೆ. ನೀವು ಆರಕ್ಕೆ ಬರುವ ಮುಂಚೆ ಮಂಚದ ಕೆಳಗೆ ಬಚ್ಚಿಡಬೇಕೆಂಬ ಆತುರ. ಪೆಟ್ಟಿಗೆ ಅಡ್ಡವಿತ್ತು, ಕಾಲು ಕಾಣಲಿಲ್ಲ. ಐದನೇ ಮೆಟ್ಟಿಲಿನಲ್ಲಿ ಜಾರಿದೆ.

ಆಗಲೇ ಕೂಗಿದ್ದರೆ ಟೀಚರಮ್ಮ ಬರುತ್ತಿದ್ದರು. ನಾನು ಕೂಗಲಿಲ್ಲ. ಮುರಿದ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಕಾಲಿನಿಂದ ಆ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನ ನೀರಿನ ಡ್ರಮ್ಮಿನ ಹಿಂದಕ್ಕೆ ತಳ್ಳಿದೆ. ಅಷ್ಟರಲ್ಲಿ ಜೀವ ಬಾಯಿಗೆ ಬಂತು. ಅಲ್ಲೇ ಒರಗಿ ಕೂತೆ. ನೀವು ಅವತ್ತೇ ತಡ ಮಾಡಿದಿರಿ. ನೀವು ಬರುವ ಹೊತ್ತಿಗೆ ನಿಜವಾಗಿಯೂ ಕತ್ತಲಾಗಿತ್ತು. ನೀವು ಮೊಣಕಾಲೂರಿ ಕೂತು ಮೊದಲು ಹೇಳಿದ ಮಾತು, "ಅಯ್ಯೋ, ಬಲ್ಬ್ ತೆಗೆದು ನಿನ್ನ ಬೀಳಿಸಿಬಿಟ್ನಲ್ಲೇ." ನಾನು "ಹೂಂ" ಎಂದೆ.

ಆಡಿದ ಸುಳ್ಳು ಅಷ್ಟೇ, ಒಂದು ಹೂಂ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ನಿಮ್ಮನ್ನು ಗದರಿದಾಗ ನಾನು ಸುಮ್ಮನಿದ್ದೆ. ನಮ್ಮ ಅಕ್ಕ ನಿಮ್ಮನ್ನು ನೆಂಟರೆಲ್ಲರ ಮುಂದೆ ಜಿಪುಣಾಗ್ರೇಸರ ಎಂದು ಜರೆದಾಗಲೂ ಸುಮ್ಮನಿದ್ದೆ. ಎಷ್ಟೋ ವರ್ಷದ ಕೋಪವಿತ್ತಲ್ಲ, ಸ್ವಲ್ಪ ಅನುಭವಿಸಲಿ ಎನಿಸಿತ್ತು. ನೀವು ಒಂದು ಮಾತೂ ಎದುರಾಡಲಿಲ್ಲ. ನಾಲ್ಕು ತಿಂಗಳು ನನಗೆ ಊಟ ಮಾಡಿಸಿದಿರಿ, ತಲೆ ಬಾಚಿದಿರಿ, ಜಡೆ ಹಾಕಲು ಬಾರದೆ ದಿನವೂ ನನ್ನಿಂದ ಬೈಸಿಕೊಂಡಿರಿ. ದಿನವೂ ಕ್ಷಮೆ ಕೇಳಿದಿರಿ. ನೀವು ಕ್ಷಮೆ ಕೇಳಿದಾಗೆಲ್ಲ ನಾನು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಜಿಪುಣನ ಜೊತೆ ಬಾಳಲಾರೆ ಎಂದು ಎಲ್ಲರಿಗೂ ಹೇಳಿ ಹೊರಟುಬಂದೆನಲ್ಲ, ಅದು ಎರಡನೇ ಸುಳ್ಳು. ನಿಮ್ಮ ಒಳ್ಳೆಯತನದ ಜೊತೆ ಬಾಳಲು ಆಗಲಿಲ್ಲ.

ಹೀಟರಿನ ಕತೆ ಕೇಳಿ. ಕೈಗೆ ಪಟ್ಟಿ ಕಟ್ಟಿಕೊಂಡೇ ಅದನ್ನು ಹಳೇ ಸಾಮಾನಿನವನಿಗೆ ಮೂರು ಕಾಸಿಗೆ ಕೊಟ್ಟೆ. ಅದು ಒಂದು ಗಂಟೆ ಉರಿದಿದ್ದರೂ ಮೀಟರ್ ನೋಡಿ ನೀವು ಕಂಡುಹಿಡಿಯುತ್ತಿದ್ದಿರಿ. ಮೀಟರ್ ಓದುವವನ ಹೆಂಡತಿಯಾಗಿ ಅಷ್ಟು ಬುದ್ಧಿ ಬೇಡವೇ ನನಗೆ?

ಈಗ ನನ್ನ ಮಾತು ಕೇಳಿ. ಎದ್ದು ಹೋಗಿ ಮೆಟ್ಟಿಲಿನ ದೀಪಗಳನ್ನು ಆರಿಸಿ. ಅಡುಗೆಮನೆಯದು, ಪಡಸಾಲೆಯದು, ಎಲ್ಲ ಆರಿಸಿ. ನಿಮ್ಮ ತಪ್ಪು ಅಲ್ಲಿ ಏನೂ ಇರಲಿಲ್ಲ, ಇನ್ನು ಅದಕ್ಕೆ ದಂಡ ಕಟ್ಟಬೇಡಿ. ಮಾತ್ರೆ ದಿನವೂ ತೆಗೆದುಕೊಳ್ಳಿ. ಅದೇ ಔಷಧ ಜನರಿಕ್ ಎನ್ನುವ ಸಾದಾ ಹೆಸರಿನಲ್ಲಿ ಕಾಲು ಭಾಗದ ಬೆಲೆಗೆ ಸಿಗುತ್ತದೆ. ಡಾಕ್ಟರಿಗೆ ಅದನ್ನೇ ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಅಂಗಡಿಯಾಕೆಯೂ ನಾನೂ ಅದನ್ನೇ ನುಂಗುತ್ತೇವೆ, ಇಬ್ಬರೂ ಗಟ್ಟಿಯಾಗಿದ್ದೇವೆ. ಎಲ್ಲದರಲ್ಲೂ ಉಳಿಸಿ ರೀ, ಮಾತ್ರೆಯಲ್ಲಿ ಮಾತ್ರ ಬೇಡ. ನೀವು ಇಲ್ಲದ ಮೇಲೆ ನಾನು ಉಳಿಸಿ ಏನು ಮಾಡಲಿ?

ಶನಿವಾರ ಬರುತ್ತೇನೆ. ನೀವು ಕೋಪ ಮಾಡಿಕೊಂಡರೆ ಅದು ನ್ಯಾಯವೇ. ಬಾಗಿಲಲ್ಲಿ ನಿಲ್ಲಿಸಿಯೇ ಬೈಯಿರಿ, ಟೀಚರಮ್ಮನಿಗೆ ಕೇಳಿಸುವ ಹಾಗೆ ಬೈಯಿರಿ. ನಾನು ಒಂದು ಮಾತೂ ಎದುರಾಡುವುದಿಲ್ಲ. ಅದನ್ನೂ ನಿಮ್ಮಿಂದಲೇ ಕಲಿತಿದ್ದು.

ನಿಮ್ಮ ಮೇಲೆ ಅಷ್ಟೊಂದು ತಪ್ಪು ಹೊರಿಸಿದವಳು,
ನೀವು ಇಟ್ಟ ಹೆಸರಿನ
ಸೂಜಿ

ಮರೆತಿದ್ದೆ: ಬಸ್ಸಿನ ಟಿಕೆಟ್ ತಂದಾಯಿತು. ಹತ್ತು ಗಂಟೆಯ ನಂತರದ ಬಸ್ಸಿಗೆ ವಯಸ್ಸಾದವರಿಗೆ ರಿಯಾಯಿತಿ ಇದೆ. ಕೌಂಟರಿನಲ್ಲಿದ್ದ ಹುಡುಗಿ, "ಹೋಗೋದು ಬರೋದು ಒಟ್ಟಿಗೆ ತಗೊಂಡ್ರೆ ಇನ್ನೂ ಕಡಿಮೆ ಆಗತ್ತೆ ಅಜ್ಜಿ, ಸುಮ್ನೆ ದುಡ್ಡು ಕಳೀಬೇಡಿ" ಎಂದು ಎರಡು ಸಲ ಹೇಳಿದಳು. ಬೇಡ ಎಂದೆ. ಹೋಗುವುದಷ್ಟನ್ನೇ ತೆಗೆದುಕೊಂಡಿದ್ದೇನೆ.