ಏಳನೆಯ ಲೈಸೆನ್ಸು

ಫ್ರೀಮಾಂಟ್,
ಮೇ 11, 1999

ಪ್ರೀತಿಯ ಪಪ್ಪನಿಗೆ,

ನಿಮ್ಮ ಮಗಳು ಹಂಸಾ ಮಾಡುವ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ಇಷ್ಟು ಬರೆದರೆ ಕಾಗದದ ಮರ್ಯಾದೆ ಮುಗಿಯಿತು. ಇನ್ನು ಉಳಿದದ್ದೆಲ್ಲ ಜಗಳ.

ಶನಿವಾರ ಫೋನಿನಲ್ಲಿ ನೀವು ನಕ್ಕಿರಿ. ಕಾಲಿಂಗ್ ಕಾರ್ಡಿನ ರೆಕಾರ್ಡಿಂಗ್ ಹೆಂಗಸು ಇನ್ನು ಒಂದೇ ನಿಮಿಷ ಉಳಿದಿದೆ ಎಂದಳು, ಆ ಒಂದು ನಿಮಿಷವನ್ನೂ ನೀವು ನಗುವುದಕ್ಕೇ ಖರ್ಚು ಮಾಡಿದಿರಿ. "ಅಳಿಯ ಹೋಗಿ ಬರ್ಲಿ ಮಗಾ. ನಿನಗೆಂಥ ಬೋಟು? ನೀನು ದಡದಲ್ಲಿ ಆರಾಮ ಕೂತ್ಕೋ" ಎಂದಿರಿ. ಲೈನು ಕಟ್ಟಾಯಿತು. ನಾನು ಅಡುಗೆಮನೆಯಲ್ಲಿ ರಿಸೀವರು ಹಿಡಿದುಕೊಂಡು ಒಬ್ಬಳೇ ಕೂಗಾಡಿದೆ. ಅದು ಮಲ್ಪೆಗೆ ಕೇಳಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನೀವು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ ಪುಣ್ಯದಿಂದ ನನ್ನ ಕನ್ನಡ ಅಕ್ಷರ ಈಗಲೂ ಕೋಳಿ ಕೆದರಿದ ಹಾಗಿದೆ, ಸಿಟ್ಟಿನಲ್ಲಿ ಇನ್ನಷ್ಟು ಕೆದರುತ್ತದೆ. ಕನ್ನಡಕ ಹಾಕಿಕೊಂಡು ಓದಿ.

ಮೊದಲೇ ಹೇಳಿಬಿಡುತ್ತೇನೆ, ಉಲ್ಲಾಸ್ ಒಳ್ಳೆಯವರು. ಅಯ್ಯೋ ಪಪ್ಪ, ಎಷ್ಟು ಒಳ್ಳೆಯವರು ಎಂದರೆ ಮದುವೆಯಾಗಿ ನಾಲ್ಕು ತಿಂಗಳಾದರೂ ಬೆಳಿಗ್ಗೆ ನನಗಿಂತ ಮೊದಲೆದ್ದು ಚಹಾ ಮಾಡುತ್ತಾರೆ. ಆಫೀಸಿಗೆ ಹೋಗುವಾಗ ಕಾರು ತಿರುಗಿಸಿ ಮತ್ತೊಮ್ಮೆ ಕಿಟಕಿಯ ಕೆಳಗೆ ಬಂದು ಕೈಬೀಸುತ್ತಾರೆ. ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಸುಮ್ಮನೆ ಫೋನು ಮಾಡಿ "ಏನಿಲ್ಲ, ನಿನ್ನ ಧ್ವನಿ ಕೇಳ್ಬೇಕಿತ್ತು" ಎನ್ನುತ್ತಾರೆ. ನಾನು ಇಡೀ ದಿನ ಹಲ್ಲು ಕಿಸಿದುಕೊಂಡು ಓಡಾಡುತ್ತೇನೆ. ಇಂಥ ಮನುಷ್ಯನ ಮೇಲೆ ಸಿಟ್ಟು ಬರುವುದು ಎಷ್ಟು ಕಷ್ಟ ನಿಮಗೆ ಗೊತ್ತಿಲ್ಲ. ಆದರೂ ಬಂದಿದೆ, ಚೆನ್ನಾಗಿಯೇ ಬಂದಿದೆ.

ಇವರ ಕಂಪೆನಿ ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುತ್ತದೆ. ವೆಬ್‌ಸೈಟು ಶುರುವಾದ ಖುಷಿಗೆ ಬಾಸು ತನ್ನ ಟೀಮನ್ನು ಮೆಕ್ಸಿಕೋದ ಲೊರೇಟೊ ಎಂಬ ಕಡಲೂರಿಗೆ ಮೀನು ಹಿಡಿಯಲು ಕರೆದುಕೊಂಡು ಹೋಗುತ್ತಾನಂತೆ. ಹೆಂಡತಿಯರೂ ಬರಬಹುದು. ಆ ಮೀಟಿಂಗಿನಲ್ಲಿ ನಿಮ್ಮ ಅಳಿಯ ಎದ್ದುನಿಂತು, ನಾವು ಮೊಗವೀರರು, ತಲೆತಲಾಂತರದಿಂದ ಕಡಲಿನವರು, ಮೀನು ಹಿಡಿಯುವುದು ನನ್ನ ರಕ್ತದಲ್ಲೇ ಇದೆ ಎಂದರಂತೆ! ಅಂಧೇರಿಯ ಐದನೇ ಮಹಡಿಯಲ್ಲಿ ಹುಟ್ಟಿ ಬೆಳೆದವರು ಪಪ್ಪ. ಇವರು ಕಂಡ ಮೀನೆಲ್ಲ ತಟ್ಟೆಯಲ್ಲೇ. ಮಾರ್ಚಿನಲ್ಲಿ ಸಾಸಲಿಟೋಗೆ ಫೆರಿಯಲ್ಲಿ ಹೋದಾಗ, ಆ ಅರ್ಧ ಗಂಟೆಯ ದಾರಿಗೆ, ನನ್ನ ದುಪಟ್ಟಾದ ಮೇಲೆ ಎರಡು ಸಲ ವಾಂತಿ ಮಾಡಿದರು. ನಾನು ಯಾರಿಗೂ ಹೇಳಲಿಲ್ಲ, ಹೆಂಡತಿಯ ಧರ್ಮ ಎಂದು ಮುಚ್ಚಿಟ್ಟೆ. ನಿಮಗೆ ಈಗ ಹೇಳುತ್ತಿದ್ದೇನೆ.

ಗಿಲ್‌ರಾಯ್‌ನ ಔಟ್‌ಲೆಟ್ಟಿಗೆ ಹೋಗಿ ಹದಿನಾಲ್ಕು ಜೇಬಿನ ಜಾಕೆಟ್ಟು ತಂದರು. ಗಾಳದ ಕೋಲು ಎಸೆಯುವ ಅಭ್ಯಾಸ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ. ಗಾಳ ಹೋಗಿ ದಾಸವಾಳದ ಗಿಡಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಟ್ಟವಳು ನಾನು. ಗಾಳಕ್ಕೆ ದಾರ ಕಟ್ಟುವುದನ್ನು ಕಂಪ್ಯೂಟರಿನಿಂದ ಪ್ರಿಂಟು ತೆಗೆದು, ಮೂರು ಪುಟ ಓದಿ, ಒಂದು ಗಂಟೆ ಒದ್ದಾಡಿದರು. ನಾನು ಒಗ್ಗರಣೆ ಸೀದುಹೋಗುವ ಮೊದಲು ಬಂದು ಗಂಟು ಹಾಕಿ ಹೋದೆ. "ಎಲ್ಲಿ ಕಲಿತೆ ಇದನ್ನ?" ಎಂದು ಬಾಯಿ ಬಿಟ್ಟರು. ಎಲ್ಲಿ ಕಲಿಯುವುದು? ಬೋಟು ಕಟ್ಟುವ ದಕ್ಕೆಯಲ್ಲಿ, ನಿಮ್ಮ ಬಲೆ ಹೆಣೆಯುವವರ ಪಕ್ಕ ಕೂತು. ದಡದ ಮೇಲಿನ ಕೆಲಸ ನನಗೆ ಬಾರದ್ದು ಯಾವುದಿದೆ? ಬಂಗುಡೆಯ ಕಣ್ಣು ನೋಡಿ ಎಷ್ಟು ಹೊತ್ತಿನ ಹಿಂದೆ ಹಿಡಿದದ್ದು ಹೇಳುತ್ತಿದ್ದೆ. ಏಲಂ ಕೂಗುವವನು ಬಾಯಿ ತೆರೆಯುವ ಮೊದಲೇ ಬುಟ್ಟಿಯ ರೇಟು ಹೇಳುತ್ತಿದ್ದೆ. ನೀವೇ ಎಲ್ಲರೆದುರು ಬೆನ್ನು ತಟ್ಟುತ್ತಿದ್ದಿರಲ್ಲ.

ಆದರೂ ಬೋಟಿನ ಆರು ಸೀಟಿನಲ್ಲಿ ನನಗೆ ಜಾಗವಿಲ್ಲ. ಬಾಸು, ಉಲ್ಲಾಸ್, ಬೆಂಗಳೂರಿನ ಕಾರ್ತಿಕ್, ಇನ್ನು ಮೂವರು ಗಂಡಸರು. ಹೆಂಗಸರ ಹೆಸರಿನ ಮುಂದೆ ಇವರೆಲ್ಲ ಸೇರಿ ಬರೆದದ್ದು "ಪೂಲು, ಶಾಪಿಂಗು" ಎಂದು. ಯಾರೂ ನಮ್ಮನ್ನು ಕೇಳಲಿಲ್ಲ. ಕಾರ್ತಿಕನ ಹೆಂಡತಿ ಸೋನಾಲಿಗೆ ಅದರಲ್ಲೇ ಸಂತೋಷ. "ಬಿಡೇ ಹಂಸಾ, ಆ ಮೀನಿನ ವಾಸನೆ ಯಾರಿಗೆ ಬೇಕು? ನಾವಿಬ್ರೂ ಎಳನೀರು ಕುಡ್ಕೊಂಡು ಆರಾಮಾಗಿ ಇರೋಣ" ಎಂದಳು. ಮೀನಿನ ವಾಸನೆ! ನನ್ನೆದುರಿಗೆ! ಆ ವಾಸನೆ ನನ್ನ ಸ್ಕೂಲ್ ಫೀಸು, ನನ್ನ ಮದುವೆಯ ಸೀರೆ ಎಂದು ಹೇಳಬೇಕೆನಿಸಿತು. ಅವಳು ಆಗತಾನೇ ನನಗೆ ಬಿಸಿಬೇಳೆಬಾತ್ ಬಡಿಸಿದ್ದಳು. ಬಾಯಲ್ಲಿ ಅನ್ನವಿತ್ತು. ಅದನ್ನೇ ನುಂಗಿದೆ.

ಸೀಟು ಇಲ್ಲದವಳಿಗೆ ಕೆಲಸ ಮಾತ್ರ ಇತ್ತು. ಮೆಕ್ಸಿಕೋ ವೀಸಾಕ್ಕೆ ಕ್ಯೂ ನಿಲ್ಲುವುದು, ಹೋಟೆಲು, ಬೋಟಿನವರಿಗೆ ಫೋನು ಎಲ್ಲ ನನ್ನದೇ, ಏಕೆಂದರೆ ನನಗೆ ಇಲ್ಲಿ ಕೆಲಸ ಮಾಡುವ ಪರ್ಮಿಟ್ಟಿಲ್ಲ, "ಫ್ರೀ ಇದ್ದೀಯಲ್ಲ" ಎಂದರು. ತಾರೀಖು ಯಾವುದು ಎಂದು ಬಾಸು ಕೇಳಿದಾಗ ನಿಮ್ಮ ಅಳಿಯ ಏನು ಮಾಡಿದರು ನೆನಪಿದೆಯಾ? ನಿಮಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಸೌತೆಕಾಯಿ ಹೆಚ್ಚುತ್ತಾ ನಿಂತಿದ್ದೆ, ಇಬ್ಬರಲ್ಲಿ ಒಬ್ಬರಾದರೂ ಹಂಸಾಳನ್ನು ಕೇಳೋಣ ಎಂದಿರಾ? ನೀವು ಬೋಟು ನಡೆಸುವ ತಾಂಡೇಲರ ಗತ್ತಿನಲ್ಲಿ, "ಜೂನ್, ಜುಲೈ ಕಡಲಿನ ಹೆಸರೇ ಎತ್ತಬೇಡಿ. ನೂಲಹುಣ್ಣಿಮೆಗೆ ಸಮುದ್ರಪೂಜೆ ಆಗ್ಲಿ, ಹಾಲು ಹೊಯ್ದ ಮೇಲೆ ಇಳೀಬೇಕು" ಎಂದಿರಿ. ಇವರು ಅದನ್ನು ಹಾಗೇ ಆಫೀಸಿಗೆ ಹೊತ್ತುಕೊಂಡು ಹೋಗಿ, ನಮ್ಮ ಜನ ಆಗಸ್ಟಿನ ಹುಣ್ಣಿಮೆಗೆ ಮೊದಲು ಕಡಲಿಗಿಳಿಯುವುದಿಲ್ಲ ಎಂದು ಹೇಳಿದರು. ಬಾಸು ಅದನ್ನು ಪ್ರಾಚೀನ ಜ್ಞಾನ ಎಂದು ಎಲ್ಲರಿಗೂ ಇಮೇಲು ಕಳಿಸಿದ. ಸೆಪ್ಟೆಂಬರ್ ಎರಡನೇ ವಾರ ಎಂದು ನಿಗದಿಯಾಯಿತು.

ನಾನು ಬೋಟಿನವರಿಗೆ ಫೋನು ಮಾಡಿದೆ. ಎತ್ತಿದವಳು ಲೂಪೆ ಎಂಬ ಹೆಂಗಸು. ಬೋಟು ಅವಳ ಅಣ್ಣನದು, ಬುಕಿಂಗ್ ಅವಳದು. ಸೆಪ್ಟೆಂಬರ್ ಎಂದದ್ದೇ ತಡ, ಅವಳು ಗಹಗಹಿಸಿ ನಕ್ಕಳು. ನಿಮ್ಮ ಹಾಗೆ ಅಲ್ಲ, ಚಂದವಾಗಿ ನಕ್ಕಳು. "ಸೆನ್ಯೋರಾ, ಆಗ ಇಲ್ಲಿ ಬಿರುಗಾಳಿಯ ಕಾಲ. ನಾವೇ ಬೋಟು ಕಟ್ಟಿ ಕೂರುತ್ತೇವೆ. ಜುಲೈನಲ್ಲಿ ಬನ್ನಿ. ಡೊರಾಡೊ ಮೀನು ಬರುತ್ತದೆ, ಕಡಲು ತುಂಬ ಬಂಗಾರ" ಎಂದಳು. ಕೇಳಿಸಿತೇ ಪಪ್ಪ! ಮಲ್ಪೆಯ ಮಳೆಗಾಲವನ್ನು ಎತ್ತಿಕೊಂಡು ಹೋಗಿ ಮೆಕ್ಸಿಕೋದ ಕಡಲಿಗೆ ಹಾಕಿದ್ದೀರಿ ನೀವಿಬ್ಬರೂ, ಮಾವ ಅಳಿಯ. ಬಿರುಗಾಳಿಯ ಬಾಯಿಗೇ ಆರು ಜನರನ್ನು ಕಳಿಸುತ್ತಿದ್ದಿರಿ. ಒಂದು ಫೋನು ಮಾಡಿ ಅಲ್ಲಿಯವರನ್ನು ಕೇಳಬೇಕು ಎಂದು ನಿಮಗೆ ಹೊಳೆಯಲಿಲ್ಲ. ಕಡಲು ಎಂದರೆ ನಿಮ್ಮ ಕಡಲು, ಕಡಲಿನವರು ಎಂದರೆ ಗಂಡಸರು.

ಇವರಿಂದ ಬಾಸಿಗೆ ಹೇಳಿಸಿ ತಾರೀಖು ಜುಲೈಗೆ ಬದಲಾಯಿಸಿದೆ. ಅಲ್ಲಿ ಬೋಟು ಹತ್ತುವ ಪ್ರತಿಯೊಬ್ಬರ ಹೆಸರಿನಲ್ಲೂ ಮೀನು ಹಿಡಿಯುವ ಲೈಸೆನ್ಸು ಬೇಕಂತೆ. ನಾನು ಒಂದೊಂದೇ ಹೆಸರು ಹೇಳಿದೆ, ಲೂಪೆ ಬರೆದುಕೊಂಡಳು. "ಆರಾಯಿತು. ಈಗ ನಿಮ್ಮದು ಹೇಳಿ" ಎಂದಳು. ಅವಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಇಷ್ಟೆಲ್ಲ ಕೇಳಿ ತಿಳಿದುಕೊಂಡವಳು ಬೋಟಿಗೆ ಬಾರದೆ ಇರುತ್ತಾಳೆಯೇ ಎಂದು ಅವಳ ಲೆಕ್ಕ. ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಹೇಳಿಬಿಟ್ಟೆ. ಶುಕ್ರವಾರ ಏಳು ಲೈಸೆನ್ಸು ಫ್ಯಾಕ್ಸಿನಲ್ಲಿ ಬಂತು. ಈ ದೇಶಕ್ಕೆ ಬಂದ ಮೇಲೆ, ಇಂಥವರ ಹೆಂಡತಿ ಎಂದು ಬರೆಯದೆ ನನ್ನ ಕೈಗೆ ಸಿಕ್ಕಿದ ಮೊದಲ ಕಾಗದ ಅದು. ಅದನ್ನು ಹೇಳುವುದಕ್ಕೇ ಶನಿವಾರ ನಿಮಗೆ ಫೋನು ಮಾಡಿದ್ದು. ನೀವು ನಕ್ಕಿರಿ.

ಈಗ ಹಳೆಯದನ್ನು ಎತ್ತುತ್ತೇನೆ. ಎತ್ತದಿದ್ದರೆ ಈ ಕಾಗದ ಸುಳ್ಳಾಗುತ್ತದೆ.

ನಾನು ಹುಟ್ಟಿದ ವರ್ಷ ನೀವು ಬೋಟು ಮಾಡಿ ಅದಕ್ಕೆ ನನ್ನ ಹೆಸರಿಟ್ಟಿರಿ. ಮೂತಿಯ ಎರಡೂ ಬದಿಗೆ ಕೆಂಪು ಅಕ್ಷರದಲ್ಲಿ "ಹಂಸಾ". ಒಂಬತ್ತು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ನಾನು ಅದನ್ನು ಹತ್ತಿದೆ. ಕಡಲಿಗೆ ಹೋಗುವುದಕ್ಕೂ ಅಲ್ಲ, ದಕ್ಕೆಗೆ ಕಟ್ಟಿದ್ದ ಬೋಟಿನಲ್ಲಿ ಸುಮ್ಮನೆ ನಿಂತು ನೋಡುವುದಕ್ಕೆ. ನನ್ನ ಹೆಸರಿದೆಯಲ್ಲ, ನನ್ನದೇ ಎಂದುಕೊಂಡಿದ್ದೆ. ನೀವು ಬೈಯಲಿಲ್ಲ. ಎತ್ತಿ ದಡಕ್ಕಿಳಿಸಿ, "ಹೆಣ್ಣುಮಕ್ಕಳು ಬೋಟು ಹತ್ತಬಾರ್ದು ಮಗಾ" ಎಂದಿರಿ, ಮೆತ್ತಗೆ. ಆಮೇಲೆ ಎರಡು ಕೊಡಪಾನ ನೀರು ತರಿಸಿ ನಾನು ನಿಂತಿದ್ದ ಜಾಗವನ್ನು ತೊಳೆಸಿದಿರಿ. ನಾನು ಅಲ್ಲೇ ನಿಂತಿದ್ದೆ ಪಪ್ಪ. ನೋಡುತ್ತಿದ್ದೆ. ಆ ದಿನ ಬೋಟು ಬಂಗುಡೆ ತುಂಬಿಕೊಂಡು ಬಂತು. ಮೀನು ಸಿಗದಿದ್ದರೆ ನಾನು ಹತ್ತಿದ್ದೇ ಕಾರಣವಾಗುತ್ತಿತ್ತು. ಸಿಕ್ಕಿದ್ದಕ್ಕೆ, ಸರಿಯಾಗಿ ತೊಳೆದದ್ದು ಕಾರಣ ಎಂದರು. ಇದೆಂಥ ನ್ಯಾಯ? ಹದಿನೈದು ವರ್ಷದಿಂದ ಕೇಳಬೇಕೆಂದಿದ್ದೆ. ನನ್ನ ಹೆಸರಿಗೆ ಕಡಲು ಆಗುತ್ತದೆ, ನನ್ನ ಕಾಲಿಗೆ ಯಾಕೆ ಆಗುವುದಿಲ್ಲ?

ಭಾನುವಾರ ಬೆಳಿಗ್ಗೆ ಉಲ್ಲಾಸ್ ಆ ಫ್ಯಾಕ್ಸು ನೋಡಿದರು. ಎರಡು ಸಲ ಎಣಿಸಿದರು. "ಹಂಸಾ, ಸೀಟು ಆರೇ ಇರೋದು" ಎಂದರು. ಗೊತ್ತು ಎಂದೆ. "ಮತ್ತೆ ಇಳಿಯೋದು ಯಾರು?" ಎಂದರು. ಅವರಿಗೆ ಆ ಬೋಟು ತೊಳೆದ ಕಥೆ ಹೇಳಿದೆ, ಮೊದಲ ಸಲ. ಅವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ, "ಆಫೀಸಲ್ಲಿ ಏನು ಹೇಳ್ಲಿ ಮಾರಾಯ್ತಿ? ರಕ್ತದಲ್ಲಿದೆ ಅಂತ ಬೇರೆ ಹೇಳಿಬಿಟ್ಟಿದ್ದೇನೆ" ಎಂದರು. ಹೇಳಿದ್ದು ಸುಳ್ಳಲ್ಲ, ಹೆಂಡತಿಯ ರಕ್ತದಲ್ಲಿದೆ ಎಂದು ತಿದ್ದಿದರೆ ಸಾಕು ಎಂದೆ. ನಗು ತಡೆಯಲಾಗದೆ ಜಾಕೆಟ್ಟು ತಂದು ನನ್ನ ಹೆಗಲಿಗೆ ಹಾಕಿ, "ಹೋಗು, ನನ್ನ ಸೀಟು ನಿನಗೆ ಬಿಟ್ಟುಕೊಟ್ಟೆ" ಎಂದರು, ಮಹಾರಾಜರ ಹಾಗೆ. ಬಿಟ್ಟುಕೊಡಲು ಅದು ನಿಮ್ಮದಾಗಿತ್ತೇ ಎಂದು ಅದಕ್ಕೂ ಜಗಳವಾಡಿದೆ. ಮಧ್ಯಾಹ್ನದವರೆಗೆ ಮಾತು ಬಿಟ್ಟೆವು. ಸಂಜೆ ಅವರೇ ಬಾಸಿಗೆ ಇಮೇಲು ಬರೆದು ನನಗೆ ಓದಿ ಹೇಳಿದರು. ಫೆರಿಯ ವಾಂತಿಯನ್ನೂ ಬಿಡದೆ ಬರೆದಿದ್ದರು. ಅದನ್ನು ಕೇಳಿ ನನಗೆ ಎಷ್ಟು ಪ್ರೀತಿ ಬಂತೆಂದರೆ, ಬೇಡ, ಅದು ನಿಮಗೆ ಬರೆಯುವಂಥದ್ದಲ್ಲ. ನಿನ್ನೆ ಬಾಸಿನ ಉತ್ತರ ಬಂತು, ನಾನು ಬರಬಹುದು. ಉಲ್ಲಾಸ್ ಸೋನಾಲಿಯ ಜೊತೆ ಪೂಲಿನ ಪಕ್ಕ ಕೂರುತ್ತಾರೆ.

ನಾನು ನಿಮ್ಮ ಅಪ್ಪಣೆ ಕೇಳುತ್ತಿಲ್ಲ. ಬೇರೊಂದು ಕೇಳುತ್ತಿದ್ದೇನೆ.

ಜುಲೈ 17, ಶನಿವಾರ, ಬೆಳಿಗ್ಗೆ ಆರಕ್ಕೆ ನಮ್ಮ ಬೋಟು ಹೊರಡುತ್ತದೆ. ನಿಮಗೆ ಆಗ ಸಂಜೆ ಐದೂವರೆ. ನೀವು ಕಡಲಿಗೆ ಹೋದ ದಿನಗಳಲ್ಲಿ ಅಮ್ಮ ಏನು ಮಾಡುತ್ತಿದ್ದರು ನಿಮಗೆ ಗೊತ್ತಿಲ್ಲ, ನೀವು ಮನೆಯಲ್ಲಿರುತ್ತಿರಲಿಲ್ಲವಲ್ಲ. ಗಂಜಿ ಬಡಿಸಿಕೊಂಡು ಮುಟ್ಟುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಇಂಜಿನಿನ ಸದ್ದಿಗೆ ಕಿವಿಗೊಡುತ್ತಿದ್ದರು. ನೂರು ಬೋಟಿನಲ್ಲಿ ನಮ್ಮದು ಯಾವುದೆಂದು ಸದ್ದಿನಲ್ಲೇ ತಿಳಿಯುತ್ತಿತ್ತು ಅವರಿಗೆ. ಆ ಸದ್ದು ಕೇಳಿದ ಮೇಲೆಯೇ ಮೊದಲ ತುತ್ತು. ಆ ದಿನ ಅಮ್ಮನಿಗೆ ಹೊಟ್ಟೆತುಂಬ ಊಟ ಮಾಡಿ ಮಲಗಲು ಹೇಳಿ. ಬಾಗಿಲಲ್ಲಿ ನೀವು ನಿಲ್ಲಿ. ನಾನು ದಡಕ್ಕೆ ಬಂದು ಫೋನು ಮಾಡುವವರೆಗೆ, ಎಷ್ಟು ಹೊತ್ತಾದರೂ, ಗಂಜಿ ಮುಟ್ಟಬೇಡಿ. ಕಾಯುವುದು ಹೇಗಿರುತ್ತದೆ ನೋಡಿ.

ಮಳೆಗಾಲವಾದ್ದರಿಂದ ಅಂದು ನಿಮ್ಮ ಹಂಸಾ ದಕ್ಕೆಯಲ್ಲಿ ಕಟ್ಟಿಸಿಕೊಂಡಿರುತ್ತದೆ. ಇನ್ನೊಬ್ಬಳು ನೀರಿನ ಮೇಲಿರುತ್ತಾಳೆ. ಒಂದು ಹಿಡಿ ಹೂವು ಕಡಲಿಗೆ ಹಾಕಿ ಪಪ್ಪ, ನನ್ನ ಹೆಸರು ಹೇಳಿ. ಕಡಲು ಎಲ್ಲ ಕಡೆ ಒಂದೇ ಎಂದು ನೀವೇ ಹೇಳುತ್ತಿದ್ದಿರಿ.

ಅಮ್ಮನಿಗೆ ಮುತ್ತು. ನಿಮಗೆ ಜುಲೈ ಹದಿನೇಳರ ನಂತರ.

ಇಂತಿ, ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ ಮಗಳು
ಹಂಸಾ