ಉಪ್ಪಿಲ್ಲದ ಮೀನು ಸಾರು

ಸೆಪ್ಟೆಂಬರ್ 14, ಗಲ್ಲಿಪೊಲಿ, ದಕ್ಷಿಣ ಇಟಲಿ

ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ರೂಮಿಗೆ ಬಂದಾಗಿನಿಂದ ಅದೇ ತಲೆ ಕೊರೆಯುತ್ತಿದೆ.

ಮಧ್ಯಾಹ್ನ ಬಂದರಿನ ಪಕ್ಕದ ಹೋಟೆಲಿನಲ್ಲಿ ಮೀನು ಸಾರು ತರಿಸಿದೆವು. ಮೊದಲ ಚಮಚಕ್ಕೇ ನಾನು ಮುಖ ಕಿವುಚಿದೆ. ಎದುರಿಗೆ ಕೂತ ಹೆಂಡತಿ ಕೋಸಿಮಾ ಕಣ್ಣು ಮುಚ್ಚಿ, "ಆಹಾ, ಉಪ್ಪು ಎಷ್ಟು ಹದವಾಗಿದೆ!" ಅಂದಳು. ಅಷ್ಟರಲ್ಲಿ ಅಡುಗೆಯವನು ಓಡಿಬಂದ. "ತಪ್ಪಾಯ್ತಮ್ಮ, ಉಪ್ಪು ಹಾಕೋದೇ ಮರೆತುಬಿಟ್ಟೆ. ಬೇರೆ ತಂದ್ಕೊಡ್ತೀನಿ."

ಅವಳು ತಲೆ ಎತ್ತಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ. "ಯಾವಾಗಿಂದ ರುಚಿ ಗೊತ್ತಾಗ್ತಿಲ್ಲ?"

"ಮಾರ್ಚಲ್ಲಿ ಆ ಔಷಧಿ ಶುರುವಾದಾಗಿಂದ. ಏನು ತಿಂದ್ರೂ ಕಬ್ಬಿಣ ನೆಕ್ಕಿದ ಹಾಗೆ."

"ಮತ್ತೆ ಪೊಲಿನ್ಯಾನೊದಲ್ಲಿ ನೀನು ಹೊಗಳಿದ ಆಕ್ಟೋಪಸ್? ಮೊನೊಪೊಲಿಯ ಸೀಗಡಿ?"

"ನೀನು ತಿಂತಿದ್ಯಲ್ಲ ಒರೊಂಜೊ, ಹೊಟ್ಟೆಬಾಕನ ಹಾಗೆ. ಅದನ್ನ ನೋಡೋಕೇ ಬಂದೆ."

ಅವಳು ಕ್ರಿಸ್ಮಸ್ ದಾಟೋದು ಕಷ್ಟ ಅಂದಿದ್ದರು ಡಾಕ್ಟರು. ಬಾಯಿಗೆ ರುಚಿ ಕಂಡು ಹೋಗಲಿ ಅಂತ ನಾನು ಕಡಲ ಊರುಗಳನ್ನೆಲ್ಲ ಸುತ್ತಿಸುತ್ತಿದ್ದೆ. ಆರು ದಿನ ಅವಳು ನನಗೋಸ್ಕರ ನುಂಗಿದ್ದಾಳೆ. ನಲವತ್ತು ವರ್ಷ ಜೊತೆಗೆ ಉಂಡವನಿಗೆ ಗೊತ್ತಾಗಲಿಲ್ಲ.

ಮಲಗುವ ಮುಂಚೆ, "ನಾಳೆ ಒತ್ರಾಂತೊದಲ್ಲಿ ಚಿಪ್ಪುಮೀನು ತಿನ್ನು. ನಾನು ನೋಡ್ತೀನಿ" ಅಂದಳು. ನನಗೆ ಊಟವೇ ಬೇಡವಾಗಿದೆ. ಆದರೂ ಅವಳ ಎದುರು ಕೂತು, ಬೆರಳು ನೆಕ್ಕಿಕೊಂಡು, ತಟ್ಟೆ ಖಾಲಿ ಮಾಡಬೇಕು. ಹೇಗೆ ಮಾಡಲಿ ಅಂತ ಈಗಿನಿಂದಲೇ ಯೋಚಿಸುತ್ತಿದ್ದೇನೆ.