ಸಮಾಧಾನಿಗಳ ಪರವಾಗಿ ಒಂದು ತಕರಾರು

ಗದಗ, ಕ್ರಿ.ಶ. ೨೨೧೪, ಫಾಲ್ಗುಣ ಮೂವತ್ತೆರಡು

ಇನ್ನೂರು ವರ್ಷ ಹಿಂದಿನ ಮಾನ್ಯ ಹಿರಿಯರೇ,

ತಿಂಗಳಿಗೆ ಮೂವತ್ತೆರಡನೆಯ ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ. ಪಂಚಾಂಗವನ್ನು ನಮ್ಮವರು ತಿದ್ದಿದ್ದಾರೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದಕ್ಕೆ ಕಾರಣ ನೀವೇ.

ದೇಹವೆಂದರೆ ಕೋಟೆ, ರಕ್ತದ ಬಿಳಿಕಣಗಳೆಂದರೆ ಸೈನಿಕರು ಎಂದು ನೀವು ಮಕ್ಕಳಿಗೆ ಪಾಠ ಹೇಳಿದಿರಿ. ಆ ಸೈನಿಕರಿಗೆ ಸಾಕು, ನಿಲ್ಲಿ ಎನ್ನುವ ಕಣಗಳ ವಿಷಯ ಬಿಟ್ಟಿರಿ. ನಿಮ್ಮ ವಿಜ್ಞಾನಿಗಳು ಅವಕ್ಕೆ ನಿಯಂತ್ರಕ ಟಿ ಕೋಶಗಳೆಂದು ಹೆಸರಿಟ್ಟು, ಬಲ್ಲವರ ನಡುವೆಯೇ ಇಟ್ಟುಕೊಂಡರು. ನಾವು ಸಮಾಧಾನಿಗಳು ಎನ್ನುತ್ತೇವೆ, ಅದೂ ಬೈಗುಳವಾಗಿ. ಅವು ಮಾಡುವ ಕೆಲಸ ನೋಡಿ: ಕಾದಾಡುವ ಕಣಗಳನ್ನು ಬೆಳೆಸುವ ರಸವನ್ನು ತಾವೇ ಹೀರಿ ಅವುಗಳ ಹುರುಪು ಇಳಿಸುತ್ತವೆ, ತಣಿಸುವ ರಸ ಸುರಿಸುತ್ತವೆ, ಹಗೆ ಬಂತೆಂದು ಕೂಗುವ ಕಣಗಳ ಬಾಯಿ ಮುಚ್ಚಿಸುತ್ತವೆ. ಅವು ಇರುವುದರಿಂದಲೇ ನಮ್ಮದೇ ಕೀಲುಗಳನ್ನೂ ಉಂಡ ಅನ್ನವನ್ನೂ ದೇಹ ಸಹಿಸಿಕೊಳ್ಳುತ್ತದೆ.

ಕೋಟೆಯ ಪಾಠ ಓದಿದವರ ಮೊಮ್ಮಕ್ಕಳು ವೀರಸೂಜಿ ಕಂಡುಹಿಡಿದರು. ಅದು ಸಮಾಧಾನಿಗಳನ್ನು ಕೊಲ್ಲುತ್ತದೆ. ನಮ್ಮಲ್ಲಿ ನೆಗಡಿ ಅಪರೂಪ, ನಿಜ. ಆದರೆ ಬೆಳಗಾದರೆ ಓಣಿಯಲ್ಲಿ ಬೆರಳು ಮಡಚಲು ಬರುವವರೊಬ್ಬರನ್ನು ಹುಡುಕಿ ರೊಟ್ಟಿ ತಟ್ಟಿಸಿಕೊಳ್ಳಬೇಕು. ಶೇಂಗಾ ಚಟ್ನಿ ಬಂದರೆ ಅರ್ಧ ಪಂಕ್ತಿಯೇ ಎದ್ದು ಓಡುತ್ತದೆ. ಮೈ ಊದಿದರೆ ಶಕ್ತಿ ಸಾಲದೆಂದು ಇನ್ನೊಂದು ಸೂಜಿ, ಇನ್ನೂ ಊದಿದರೆ ಮತ್ತೊಂದು! ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ನಾಳೆ ನನ್ನ ಕುಬಸ, ಬಸುರಿಗೆ ಉಡಿ ತುಂಬಿ ಹರಸುವ ದಿನ. ಉಡಿಯ ಜೊತೆ ವೀರಸೂಜಿಯನ್ನೂ ಕೊಡುವುದು ಈಗಿನ ಪದ್ಧತಿ. ನನಗೆ ಎರಡು ಕುಬಸ ಆಗಿವೆ, ಒಂದು ತೊಟ್ಟಿಲೂ ಆಗಿಲ್ಲ. ಎರಡೂ ಸಲ ಸೂಜಿಯಾದ ವಾರದಲ್ಲೇ ಕೂಸು ಹೋಯಿತು. ಎರಡೂ ಸಲ ನನ್ನ ಮೈಯಲ್ಲಿ ಬಲವಿಲ್ಲ ಎಂದರು. ಹೊಟ್ಟೆಯ ಕೂಸಿನಲ್ಲಿ ಅರ್ಧ ಗುರುತು ತಂದೆಯದು. ಕೋಟೆಯ ಲೆಕ್ಕದಲ್ಲಿ ಅದು ಹೊರಗಿನದೇ. ಅದರ ಮೈಮೇಲೆ ಬೀಳದಂತೆ ಸೈನಿಕರನ್ನು ತಡೆಯುವುದು ತಾಯಿಯ ಸಮಾಧಾನಿಗಳು. ಅತ್ತೆ ನೀಲವ್ವನವರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ನಿಮ್ಮ ಮಗನ ಪಾಲಿಗೇ ಆ ಸೂಜಿಯ ಏಟು ಬೀಳುವುದು ಎಂದೂ ಹೇಳಿದೆ. ಅವರು ನನ್ನ ತಲೆ ಸವರಿ, "ಹುಚ್ಚವ್ವಾ, ಈ ಸಲ ಛಲೋದು ತರಿಸೇನಿ. ಎರಡು ಪಟ್ಟು ಬಲ ಐತಿ ಅದರಾಗ, ಅಂಜಬ್ಯಾಡ," ಎಂದರು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹೋದ ಎರಡು ಕೂಸುಗಳಿಗೆ ನನಗಿಂತ ಹೆಚ್ಚು ಅತ್ತವರು ಅವರು.

ಇಲ್ಲಿ ಕೇಳುವವರಿಲ್ಲದೆ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಪಾಠವನ್ನು ನೀವಿನ್ನೂ ತಿದ್ದಬಹುದು. ಸೈನಿಕರ ಚಿತ್ರದ ಪಕ್ಕದಲ್ಲಿ ಒಂದು ಸಾಲು ಸೇರಿಸಿ: ಮೈಯೊಳಗೆ ಜಗಳ ನಿಲ್ಲಿಸುವ ಕಣಗಳೂ ಇವೆ, ಅವಿಲ್ಲದೆ ಯಾರೂ ಹುಟ್ಟಿಬರುವುದಿಲ್ಲ. ಅದನ್ನು ಓದಿದ ಯಾವಳೋ ಹುಡುಗಿ ಮುಂದೆ ನೀಲವ್ವನವರ ಮುತ್ತಜ್ಜಿಗೆ ಅಜ್ಜಿಯಾದಾಳು.

ನಾಳೆಯೊಳಗೆ ನಿಮ್ಮಿಂದ ಏನೂ ಆಗದೆಂದು ಗೊತ್ತು. ಹಸಿರು ಬಳೆ ತೊಡುತ್ತೇನೆ, ಉಡಿ ತುಂಬಿಸಿಕೊಳ್ಳುತ್ತೇನೆ. ಆಮೇಲೆ ಓಣಿಯವರೆಲ್ಲರ ಮುಂದೆ ಅತ್ತೆಯವರ ಕೈ ಹಿಡಿದು ಆ ಸೂಜಿಯನ್ನು ಕೆಳಗಿಡಿಸುತ್ತೇನೆ. ಅವರು ಅಳುತ್ತಾರೆ. ಈ ಸಲ ನನ್ನ ಮೇಲಿನ ಸಿಟ್ಟಿಗೆ ಅಳಲಿ, ಕೂಸಿಗಾಗಿ ಅಳುವುದು ಬೇಡ.

ನಿಮ್ಮ ಕುಡಿ,
ಶಾಂಭವಿ ಹೊಂಬಳ